ಪಕ್ಕದ ಮನೆ ಬಾಗಿಲು ಇನ್ನೂ ತೆಗೆದಿಲ್ಲ, ಏನು ಮಾಡಲಿ?

ನೆರೆಹೊರೆಯ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಪಕ್ಕದ ಮನೆಯವರೂ ಇದೇ ಪತ್ರಿಕೆ ಓದುತ್ತಿರಬಹುದು ನೋಡಿ!

ಪ್ರಶ್ನೆ: ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ. ಮಕ್ಕಳು ದೂರದಲ್ಲಿದ್ದಾರೆ. ಮೊನ್ನೆ ಹತ್ತು ಗಂಟೆಯಾದರೂ ಬಾಗಿಲು ತೆಗೆದಿರಲಿಲ್ಲ. ಗಾಬರಿಯಾಗಿ ಜೋರಾಗಿ ಬಡಿದೆ. ರಾತ್ರಿಯೆಲ್ಲ ನಿದ್ದೆ ಇರಲಿಲ್ಲವಂತೆ, ಆಗಷ್ಟೇ ಕಣ್ಣು ಹತ್ತಿತ್ತಂತೆ. ಎದ್ದು ಬಂದವರೇ "ನಾನಿನ್ನೂ ಸತ್ತಿಲ್ಲ, ಹೋಗಿ" ಎಂದುಬಿಟ್ಟರು. ಇನ್ನು ಮೇಲೆ ಸುಮ್ನೆ ಇದ್ದುಬಿಡಲಾ?

ಉತ್ತರ: ಬೇಡ, ಸುಮ್ಮನಿರಬೇಡಿ. ಆದರೆ ಇನ್ನೊಂದು ಸಲ ಬಾಗಿಲು ಬಡಿಯುವ ಮುಂಚೆ ಅವರ ಹತ್ತಿರವೇ ಮಾತಾಡಿಕೊಳ್ಳಿ. ಅವರು ಆರಾಮಾಗಿ ಕೂತಿರುವ ಹೊತ್ತು ನೋಡಿ ಹೋಗಿ, ಸುತ್ತಿ ಬಳಸದೆ ಕೇಳಿ: "ನೀವು ಬೆಳಗ್ಗೆ ಏಳೋದು ತಡ ಆದ್ರೆ ನಾನು ಎಷ್ಟು ಹೊತ್ತು ಕಾಯಲಿ? ಆಮೇಲೆ ಯಾರಿಗೆ ಫೋನ್ ಮಾಡಲಿ?" ಅವರು ಹನ್ನೊಂದು ಗಂಟೆ ಅಂದರೆ ಹನ್ನೊಂದು. ನಿಮಗೆ ಅದು ಜಾಸ್ತಿ ಅನ್ನಿಸಬಹುದು, ಆದರೆ ಮನೆ ಅವರದು, ನಿದ್ದೆಯೂ ಅವರದೇ. ಗಡುವು ಅವರೇ ಕೊಟ್ಟಿದ್ದಾದರೆ ನೀವು ಬಾಗಿಲು ಬಡಿದಾಗ ಅವರಿಗೆ ಅವಮಾನ ಅನ್ನಿಸುವುದಿಲ್ಲ, ಕೊಟ್ಟ ಮಾತಿನಂತೆ ನಡೆದಿರಿ ಅನ್ನಿಸುತ್ತದೆ.

ಒಂದು ಗುರುತು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಎದ್ದ ಕೂಡಲೇ ಕಿಟಕಿಯ ಪರದೆ ಸರಿಸುವುದು, ವರಾಂಡದ ದೀಪ ಆರಿಸುವುದು, ಇಂಥದ್ದು ಯಾವುದಾದರೂ ಸರಿ. ದಿನಾ ಹೋಗಿ "ಹುಷಾರಾಗಿದ್ದೀರಾ?" ಅಂತ ಕೇಳಿಸಿಕೊಳ್ಳುವುದು ಯಾರಿಗೆ ಇಷ್ಟ ಹೇಳಿ? ಜಪಾನಿನಲ್ಲಿ ಇದಕ್ಕೇ ಒಂದು ಯಂತ್ರ ಮಾಡಿದರು. 1996ರಲ್ಲಿ ಟೋಕಿಯೋದಲ್ಲಿ ವಯಸ್ಸಾದ ತಾಯಿಯೂ ಕಾಯಿಲೆಯ ಮಗನೂ ಹಸಿವಿನಿಂದ ಸತ್ತರು, ತುಂಬಾ ದಿನ ಅದು ಯಾರಿಗೂ ಗೊತ್ತಾಗಲಿಲ್ಲ. ಆ ಸುದ್ದಿಯಿಂದಲೇ ಹುಟ್ಟಿದ ಯೋಚನೆ ಇದು. ಜೊಜಿರುಷಿ ಕಂಪನಿ 2001ರಲ್ಲಿ ನೀರು ಕಾಯಿಸುವ ಒಂದು ಎಲೆಕ್ಟ್ರಿಕ್ ಪಾತ್ರೆ ತಂದಿತು. ಮನೆಯವರು ಅದನ್ನು ಬಳಸಿದ್ದಾರೋ ಇಲ್ಲವೋ ಎಂಬ ಸಂದೇಶ ದೂರದ ಮಕ್ಕಳಿಗೆ ಹೋಗುತ್ತದೆ. ಕ್ಯಾಮೆರಾ ಇಲ್ಲ, ಪ್ರಶ್ನೆ ಇಲ್ಲ. ಆದರೆ ಸಂದೇಶ ಬರದ ದಿನ ಹೋಗಿ ನೋಡಲು ಹತ್ತಿರದಲ್ಲಿ ಒಬ್ಬರು ಬೇಕೇ ಬೇಕು, ಅಲ್ವಾ? ಅಲ್ಲಿ ನೀವೇ ಬರಬೇಕು.

ಗಡುವು ಮೀರಿತು ಅನ್ನಿ. ಮೊದಲು ಬೆಲ್ ಮಾಡಿ, ಹೆಸರು ಹಿಡಿದು ಕೂಗಿ. ಆಮೇಲೆ ಅವರ ಫೋನಿಗೆ ಕರೆ ಮಾಡಿ, ಒಳಗೆ ರಿಂಗ್ ಆಗುವುದು ಕೇಳುತ್ತದೋ ಎಂದು ಕಿವಿಗೊಡಿ. ಫೋನ್ ಒಳಗೇ ರಿಂಗ್ ಆಗುತ್ತಿದೆ, ಚಪ್ಪಲಿ ಬಾಗಿಲಲ್ಲೇ ಇದೆ, ಉತ್ತರ ಮಾತ್ರ ಇಲ್ಲ ಅಂದರೆ ಇನ್ನು ಕಾಯಬೇಡಿ. ಮಕ್ಕಳಿಗೆ ತಿಳಿಸಿ, ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು, ನಿಮ್ಮ ಹತ್ತಿರ ಕೀ ಇದ್ದರೆ ಬಾಗಿಲು ತೆಗೆಯಿರಿ. ಒಬ್ಬರೇ ಹೋಗದಿದ್ದರೆ ಅವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಬಿದ್ದಿದ್ದರೆ ಗಬಕ್ಕನೆ ಎತ್ತಿ ಕೂರಿಸಲು ಹೋಗಬೇಡಿ, ಸೊಂಟದ ಮೂಳೆಯೋ ಕುತ್ತಿಗೆಯೋ ಪೆಟ್ಟಾಗಿದ್ದರೆ ಎತ್ತಿದವರಿಂದಲೇ ಅದು ಜಾಸ್ತಿಯಾಗುತ್ತದೆ.

ಬಾಯಿ ಒಂದು ಕಡೆ ವಾಲಿದೆ, ಒಂದು ಕೈ ಮೇಲೆತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ಆಂಬುಲೆನ್ಸ್ ಕರೆಸಿ. ಇಲ್ಲಿ ನೆರೆಯವರಿಂದ ಮಾತ್ರ ಸಿಗುವ ಒಂದು ಮಾಹಿತಿ ಇದೆ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ರೋಗಿಯನ್ನು ಕೊನೆಯ ಸಲ ಸರಿಯಾಗಿದ್ದಂತೆ ಕಂಡ ಹೊತ್ತಿನಿಂದ. ನೀವು ಬಂದು ನೋಡಿದ ಹೊತ್ತು ಆ ಲೆಕ್ಕಕ್ಕೆ ಬರುವುದಿಲ್ಲ. "ಎಂಟು ಗಂಟೆಗೆ ಪರದೆ ಸರಿಸಿದ್ದು ನಾನು ನೋಡಿದೆ, ನನಗೆ ಕೈ ಬೀಸಿದರು" ಎಂದು ನೀವು ಹೇಳಬಲ್ಲಿರಾದರೆ ಡಾಕ್ಟರಿಗೆ ದೊಡ್ಡ ಉಪಕಾರ. ದೂರದ ಮಗನಿಗೆ ಆ ಸಮಯ ಹೇಗೆ ಗೊತ್ತಿರಬೇಕು?

ಇದೆಲ್ಲ ಅತಿಯಾಯಿತು ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಭಾರೀ ಸೆಕೆ. ಒಂದೇ ವಾರದಲ್ಲಿ, ಸಾಮಾನ್ಯ ಲೆಕ್ಕಕ್ಕಿಂತ 739 ಜನ ಹೆಚ್ಚಾಗಿ ಸತ್ತರು. ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಎಂಬ ಎರಡು ಬಡಾವಣೆಗಳು ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಎರಡರಲ್ಲೂ ಬಡವರು ಜಾಸ್ತಿ, ಒಂಟಿಯಾಗಿರುವ ಮುದುಕರೂ ಜಾಸ್ತಿ. ಬಿಸಿಲೂ ಒಂದೇ. ಆದರೂ ಒಂದರಲ್ಲಿ ಲಕ್ಷಕ್ಕೆ 40 ಸಾವು, ಇನ್ನೊಂದರಲ್ಲಿ ಲಕ್ಷಕ್ಕೆ 4! ಜಾಸ್ತಿ ಜನ ಸತ್ತ ಕಡೆ ಮನೆಗಳು ಖಾಲಿ ಬಿದ್ದಿದ್ದವು, ಅಂಗಡಿಗಳು ಮುಚ್ಚಿದ್ದವು, ಬೀದಿಗೆ ಇಳಿಯಲು ಹೆದರಿಕೆ ಇತ್ತು, ಹಾಗಾಗಿ ಮುದುಕರು ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಪಕ್ಕದಲ್ಲಿ ಬೀದಿ ತುಂಬಾ ಓಡಾಟ, ಅಂಗಡಿ, ಗಲಾಟೆ. ಹೊರಗೆ ಬರಲು ಕಾರಣ ಇತ್ತು, ಬರದಿದ್ದರೆ "ಎಲ್ಲಿ, ಕಾಣಲೇ ಇಲ್ಲ" ಅನ್ನುವವರೂ ಇದ್ದರು.

ಪ್ರಶ್ನೆ: ಗೋಡೆಯಾಚೆ ರಾತ್ರಿ ಹೊತ್ತು ಜಗಳ, ಹೊಡೆದ ಸದ್ದು, ಹೆಂಗಸು ಅಳುವುದು ಕೇಳುತ್ತದೆ. ಬೆಳಗ್ಗೆ ಆಕೆ ಏನೂ ಆಗದ ಹಾಗೆ ನಕ್ಕು ಮಾತಾಡಿಸುತ್ತಾಳೆ. ನಮ್ಮ ಮನೆಯವರು "ಗಂಡ ಹೆಂಡಿರ ಜಗಳ, ನಿನಗ್ಯಾಕೆ" ಅನ್ನುತ್ತಾರೆ. ಕೇಳಿಸಿಕೊಂಡು ಮಲಗಲು ಆಗುತ್ತಿಲ್ಲ.

ಉತ್ತರ: ನಿಮ್ಮ ಮನೆಯವರು ಹೇಳಿದ್ದನ್ನು ಆ ಸಾಲಿನ ಎಲ್ಲ ಮನೆಯವರೂ ಇವತ್ತು ರಾತ್ರಿ ಹೇಳಿಕೊಂಡು ಮಲಗಿರುತ್ತಾರೆ. ಪ್ರತಿಯೊಬ್ಬರೂ "ಇಷ್ಟು ಜನ ಕೇಳಿಸಿಕೊಂಡಿದ್ದಾರಲ್ಲ, ಯಾರಾದರೂ ಹೋಗುತ್ತಾರೆ" ಅಂದುಕೊಂಡರೆ ಕೊನೆಗೆ ಯಾರೂ ಹೋಗುವುದಿಲ್ಲ. 1968ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನಲ್ಲಿ ಮಾತಾಡಿಸುತ್ತಿದ್ದಾಗ ಒಬ್ಬನಿಗೆ ಫಿಟ್ಸ್ ಬಂದಂಥ ಸದ್ದು ಕೇಳಿಸಿದರು. ಕೇಳಿಸಿಕೊಂಡವನು ತಾನೊಬ್ಬನೇ ಅಂದುಕೊಂಡಿದ್ದಾಗ 100ಕ್ಕೆ 85 ಮಂದಿ ಎದ್ದು ಹೋಗಿ ಸಹಾಯ ಕರೆದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದಾಗ ಸದ್ದು ನಿಲ್ಲುವುದರೊಳಗೆ ಎದ್ದವರು 100ಕ್ಕೆ 31 ಮಾತ್ರ. ಅವರೇನೂ ಕಲ್ಲು ಮನಸ್ಸಿನವರಲ್ಲ. ಚಡಪಡಿಸಿದರು, ಬೆವರಿದರು, ಎದ್ದು ಹೋಗಲಿಲ್ಲ ಅಷ್ಟೇ.

ಆ ಪರೀಕ್ಷೆಗೆ ಕಾರಣವಾದದ್ದು 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಬ್ಬ ಯುವತಿಯ ಕೊಲೆ. 38 ನೆರೆಯವರು ನೋಡುತ್ತಾ ನಿಂತಿದ್ದರು ಎಂದು ಆಗ ಪತ್ರಿಕೆಯಲ್ಲಿ ಬಂದಿತ್ತು, ಇವತ್ತಿಗೂ ಅದನ್ನೇ ಹೇಳುವವರಿದ್ದಾರೆ. ಅದು ಉತ್ಪ್ರೇಕ್ಷೆ ಎಂದು ಆಮೇಲೆ ಬಯಲಾಯಿತು. ಹೆಚ್ಚಿನವರಿಗೆ ಏನು ನಡೆಯುತ್ತಿದೆ ಎಂದು ಪೂರ್ತಿ ಕಂಡೇ ಇರಲಿಲ್ಲ. ಒಬ್ಬ ನೆರೆಯಾಕೆಯಂತೂ ಕೆಳಗೆ ಓಡಿ ಬಂದು, ಸಹಾಯ ಬರುವ ತನಕ ಆ ಹುಡುಗಿಯನ್ನು ತೋಳಲ್ಲಿ ಹಿಡಿದುಕೊಂಡು ಕೂತಿದ್ದಳು. ಆ ವಿಷಯ ಯಾಕೋ ಅಷ್ಟಾಗಿ ಪ್ರಚಾರ ಆಗಲಿಲ್ಲ.

ಈಗ ನೀವು ಮಾಡಬಹುದಾದದ್ದು. 2008ರಲ್ಲಿ ನಮ್ಮ ದೇಶದಲ್ಲಿ 'ಬೆಲ್ ಬಜಾವೋ' ಎಂಬ ಒಂದು ಪ್ರಚಾರ ನಡೆಯಿತು, ನೆನಪಿರಬಹುದು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಏನಾದರೂ ನೆಪ ಹೇಳಿ, ಅಷ್ಟೇ. ಕರೆಂಟ್ ಇದೆಯಾ, ನೀರು ಬಂತಾ, ಇಂಥ ಒಂದು ಮಾತು ಸಾಕು. ಹೊರಗೆ ಯಾರಿಗೋ ಕೇಳಿಸುತ್ತಿದೆ ಎಂದು ಹೊಡೆಯುವವನಿಗೆ ಗೊತ್ತಾಗಬೇಕು. ಅಲ್ಲೇ ನಿಂತು ಅವನಿಗೆ ಬುದ್ಧಿ ಹೇಳಲು ಹೋಗಬೇಡಿ, ಆ ಸಿಟ್ಟು ಬಾಗಿಲು ಹಾಕಿದ ಮೇಲೆ ಅವಳ ಮೇಲೆ ತೀರುತ್ತದೆ. ಪ್ರಾಣಾಪಾಯ ಅನ್ನಿಸಿದರೆ, ಮಕ್ಕಳ ಕಿರುಚಾಟ ಕೇಳಿದರೆ, ಆಯುಧದ ಮಾತು ಬಂದರೆ ಬೆಲ್ಲೂ ಬೇಡ, ನೇರವಾಗಿ 112ಕ್ಕೆ ಫೋನ್ ಮಾಡಿ.

ಆಮೇಲೆ ಆಕೆ ಒಬ್ಬಳೇ ಸಿಕ್ಕಾಗ ಮಾತಾಡಿ. "ಯಾಕೆ ಸಹಿಸಿಕೊಂಡಿದ್ದೀಯಾ, ಬಿಟ್ಟು ಹೋಗು" ಅನ್ನಬೇಡಿ. "ಸ್ವಲ್ಪ ಹೊಂದಿಕೊಂಡು ಹೋಗು" ಎಂದು ಅಪ್ಪಿತಪ್ಪಿಯೂ ಹೇಳಬೇಡಿ. "ನನಗೆ ಕೇಳಿಸುತ್ತೆ. ಯಾವ ಹೊತ್ತಲ್ಲಿ ಬೇಕಾದರೂ ನಮ್ಮ ಬಾಗಿಲು ತಟ್ಟು. ಪೊಲೀಸರಿಗೆ ಫೋನ್ ಮಾಡಬೇಕು ಅನ್ನಿಸಿದರೆ ಒಂದು ಸನ್ನೆ ಮಾಡು, ನಾನು ಮಾಡುತ್ತೇನೆ" ಅನ್ನಿ. ಆಕೆ ನಕ್ಕು ತಳ್ಳಿಹಾಕಬಹುದು. ಬೇಜಾರಾಗಬೇಡಿ, ಅದು ಅವಳ ಕಿವಿಗೆ ಬಿದ್ದಿರುತ್ತದೆ. ಇನ್ನೊಂದು ವಿಷಯ, ಇದನ್ನು ಬೀದಿಯ ಗ್ರೂಪಿನಲ್ಲಿ ಹಾಕಬೇಡಿ. ಅದರಲ್ಲಿ ಅವನೂ ಇದ್ದಾನೆ.

ಪ್ರಶ್ನೆ: ನಾನು ಕೆಲಸ ಮಾಡುವ ಹುಡುಗಿ, ಒಬ್ಬಳೇ ಇರುವುದು. ಎಷ್ಟು ಹೊತ್ತಿಗೆ ಬಂದೆ, ಯಾರು ಬಿಟ್ಟುಹೋದರು, ಯಾರು ಬಂದಿದ್ದರು ಎಂಬ ಲೆಕ್ಕವೆಲ್ಲ ಎದುರುಮನೆ ಆಂಟಿ ಹತ್ತಿರ ಇರುತ್ತದೆ. ಕೇಳಿದರೆ "ನಿನ್ನ ಒಳ್ಳೇದಕ್ಕೇ ಅಲ್ವಾ" ಅನ್ನುತ್ತಾರೆ. ಇದೂ ಕಾಳಜಿಯಾ?

ಉತ್ತರ: ಅವರಿಗೆ ಗೊತ್ತಾದದ್ದು ಎಲ್ಲಿಗೆ ಹೋಗುತ್ತದೆ ನೋಡಿ, ಉತ್ತರ ಸಿಗುತ್ತದೆ. "ನಿನ್ನೆ ರಾತ್ರಿ ನಿನ್ನ ಹಿಂದೆ ಯಾರೋ ನಡೆದು ಬರುತ್ತಿದ್ದ, ಹುಷಾರು" ಎಂದು ನಿಮಗೇ ಬಂದು ಹೇಳಿದರೆ ಕಾಳಜಿ. ಅದೇ ಮಾತು ನಿಮ್ಮ ಅಪ್ಪನಿಗೋ, ಮನೆ ಓನರಿಗೋ, ಮೂರನೇ ಮನೆಯವರಿಗೋ ಹೋಗುತ್ತಿದ್ದರೆ ಅದು ಪತ್ತೇದಾರಿಕೆ.

ಜಗಳ ಮಾಡುವ ಮೊದಲು ಒಂದು ಪ್ರಯೋಗ ಮಾಡಿ. ಆ ಕಣ್ಣಿಗೆ ಒಂದು ಕೆಲಸ ಕೊಡಿ. "ಆಂಟಿ, ನಾನು ನಾಳೆ ಇರಲ್ಲ, ಗ್ಯಾಸ್ ಸಿಲಿಂಡರಿನವರು ಬಂದರೆ ಒಂದು ಫೋನ್ ಮಾಡ್ತೀರಾ? ರಾತ್ರಿ ನಾನು ಬರೋದು ತಡವಾಗುತ್ತೆ, ಅದಕ್ಕೆ ಗಾಬರಿ ಬೇಡ, ನನ್ನ ಕೆಲಸವೇ ಹಾಗೆ." ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂದು ನೀವೇ ಗೆರೆ ಎಳೆದ ಹಾಗಾಯಿತು. ಕೆಲವರು ಬದಲಾಗುತ್ತಾರೆ. ಬದಲಾಗದವರಿಗೆ "ಅದು ನನ್ನ ವಿಷಯ ಆಂಟಿ" ಎಂದು ನಗುತ್ತಲೇ ಹೇಳಿ, ಎಷ್ಟು ಸಲ ಬೇಕಾದರೂ ಅದನ್ನೇ ಹೇಳಿ, ಕಾರಣ ಮಾತ್ರ ಕೊಡಬೇಡಿ. ಕಾರಣ ಕೊಟ್ಟರೆ ಅದರ ಮೇಲೆ ಚರ್ಚೆ ಶುರುವಾಗುತ್ತದೆ!

ಪ್ರಶ್ನೆ: ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಬ್ಬ ಹುಡುಗನ ಫೋಟೋ ಹಾಕಿ "ಅನುಮಾನಾಸ್ಪದ ವ್ಯಕ್ತಿ" ಎಂದರು. ನೋಡಿದರೆ ಅವನು ಕೊರಿಯರ್ ಹುಡುಗ, ಮನೆ ನಂಬರ್ ಹುಡುಕುತ್ತಿದ್ದ. ಆದರೆ ಜಾಗ್ರತೆಯೂ ಬೇಕಲ್ಲ?

ಉತ್ತರ: ಬೇಕು. ಆದರೆ ಬರೆಯುವಾಗ ಅವನು ಏನು ಮಾಡುತ್ತಿದ್ದ ಎಂದು ಬರೆಯಲಿ, ಹೇಗಿದ್ದ ಎಂದು ಬೇಡ. "ಕಪ್ಪಗಿದ್ದ, ನಮ್ಮ ಕಡೆಯವನ ಥರ ಇರಲಿಲ್ಲ" ಎಂಬುದರಿಂದ ಯಾವ ಕಳ್ಳನೂ ಸಿಗುವುದಿಲ್ಲ. "ಬೀಗ ಹಾಕಿದ ಎರಡು ಮನೆಯ ಚಿಲಕ ಎಳೆದು ನೋಡಿದ" ಎಂದರೆ ಅದು ಮಾಹಿತಿ. ಎದುರಿಗೆ ಹೋಗಿ "ಯಾರು ಬೇಕಾಗಿತ್ತು?" ಎಂದು ಕೇಳಿದರೆ ಕೊರಿಯರಿನವನಿಗೆ ಮನೆ ಸಿಗುತ್ತದೆ, ಕಳ್ಳನಾದರೆ ಜಾಗ ಖಾಲಿ ಮಾಡುತ್ತಾನೆ. ಒಂದೇ ಪ್ರಶ್ನೆ, ಇಬ್ಬರಿಗೂ ಆಗುತ್ತದೆ. ಬ್ರಿಟನ್ನಿನಲ್ಲಿ ನೆರೆಹೊರೆ ಕಾವಲಿನ ಮೊದಲ ಗುಂಪು 1982ರಲ್ಲಿ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ಶುರುವಾಯಿತು. ಇಂಥ ಗುಂಪಿನವರ ಕೆಲಸ ನೋಡುವುದು, ಪೊಲೀಸರಿಗೆ ತಿಳಿಸುವುದು. ಅಟ್ಟಿಸಿಕೊಂಡು ಹೋಗುವುದು, ಹಿಡಿದು ಕಟ್ಟಿಹಾಕುವುದು ಅವರ ಕೆಲಸವಲ್ಲ. ಫೋಟೋ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ ಅಮಾಯಕರು ಪೆಟ್ಟು ತಿಂದದ್ದು, ಸತ್ತದ್ದೂ ಉಂಟು. ಆ ಹುಡುಗನ ಫೋಟೋ ತೆಗೆಸಿದಿರಾ? ತೆಗೆಸಿ, ತಪ್ಪಾಯಿತು ಎಂದು ಅದೇ ಗ್ರೂಪಿನಲ್ಲಿ ಬರೆಸಿ.

ಪ್ರಶ್ನೆ: ಎಲ್ಲರ ಮನೆ ಕೀ ನನ್ನ ಹತ್ತಿರವೇ. ಯಾರ ಮಗುವಿಗೆ ಜ್ವರ ಬಂದರೂ ನಾನೇ, ಯಾರ ಅಜ್ಜಿಯ ಮಾತ್ರೆಯೂ ನಾನೇ. ಬೇಡ ಅನ್ನಲು ನಾಚಿಕೆ. ಸುಸ್ತಾಗಿದೆ.

ಉತ್ತರ: ಬೇಡ ಅನ್ನಿ ಎಂದು ಹೇಳುವುದು ಸುಲಭ, ನಿಮ್ಮಿಂದ ಅದು ಆಗುವುದಿಲ್ಲ ಎಂದು ನಿಮ್ಮ ಪತ್ರದಲ್ಲೇ ಕಾಣುತ್ತಿದೆ. ಹಾಗಾಗಿ "ಬೇಡ" ಬದಲು "ಇನ್ನೊಬ್ಬರು" ಅನ್ನಿ. ಪ್ರತಿ ಕೀಗೂ ಎರಡನೇ ಮನೆ ಇರಬೇಕು ಎಂದು ಎಲ್ಲರಿಗೂ ಹೇಳಿ. ನಿಜವಾದ ಕಾರಣವೂ ಇದೆ: ನೀವು ಊರಿಗೆ ಹೋದ ದಿನವೇ ಅಜ್ಜಿ ಬಿದ್ದರೆ? ಮಾತ್ರೆಯ ಕೆಲಸವನ್ನು ವಾರ ಹಂಚಿಕೊಂಡು ಮಾಡಲಿ. ಸಹಾಯ ಮಾಡಲು ಬರುವುದಿಲ್ಲ ಎಂದು ನೀವು ಅಂದುಕೊಂಡಿರುವ ಮನೆಗಳನ್ನು ಯಾರೂ ಇದುವರೆಗೆ ಕೇಳಿಯೇ ಇಲ್ಲದಿರಬಹುದು, ಎಲ್ಲದಕ್ಕೂ ನೀವಿದ್ದೀರಲ್ಲ. ಕೀಗಳಿಗೆ ಮನೆ ನಂಬರ್ ಚೀಟಿ ಕಟ್ಟಿಟ್ಟಿದ್ದರೆ ಇವತ್ತೇ ಬಿಚ್ಚಿ, ಬಣ್ಣದ ದಾರ ಕಟ್ಟಿ. ಕಳೆದುಹೋದರೆ ಸಿಕ್ಕವನಿಗೆ ವಿಳಾಸವನ್ನೂ ಕೊಟ್ಟ ಹಾಗಾಗುತ್ತದೆ.

ಪ್ರಶ್ನೆ: ಹೊಸ ಜಾಗಕ್ಕೆ ಬಂದಿದ್ದೇವೆ. ಯಾರ ಪರಿಚಯವೂ ಇಲ್ಲ. ನನಗೆ ಸಂಕೋಚ ಜಾಸ್ತಿ. ಹೇಗೆ ಶುರು ಮಾಡಲಿ?

ಉತ್ತರ: ಒಂದು ಸಣ್ಣ ಸಹಾಯ ಕೇಳಿ. ಏಣಿ, ಸ್ಪ್ಯಾನರ್, ಪ್ಲಂಬರ್ ನಂಬರ್. ಕೊಡುವುದಕ್ಕಿಂತ ಕೇಳುವುದರಿಂದ ಪರಿಚಯ ಬೇಗ ಆಗುತ್ತದೆ. ಕೊಟ್ಟವರಿಗೂ ಮುಂದೆ ನಿಮ್ಮ ಹತ್ತಿರ ಕೇಳಲು ಸಂಕೋಚ ಇರುವುದಿಲ್ಲ.

ನಿಮ್ಮ ಸ್ವಭಾವಕ್ಕಿಂತ ನಿಮ್ಮ ಬಾಗಿಲು ಎಲ್ಲಿದೆ ಎಂಬುದೂ ಮುಖ್ಯ. ಅಮೆರಿಕದ ಎಂಐಟಿ ವಿದ್ಯಾರ್ಥಿಗಳ ವಸತಿಯಲ್ಲಿ ನಡೆದ, 1950ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಕ್ಕದ ಬಾಗಿಲಿನವರನ್ನು ಗೆಳೆಯರು ಎಂದವರು 100ಕ್ಕೆ 41, ಅದೇ ಮಹಡಿಯ ಆ ತುದಿಯವರನ್ನು ಗೆಳೆಯರು ಎಂದವರು 100ಕ್ಕೆ 10. ಮೆಟ್ಟಿಲ ಬುಡದಲ್ಲಿ, ಅಂಚೆ ಡಬ್ಬಿಯ ಹತ್ತಿರ ಮನೆ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1970ರ ಸುಮಾರಿಗೆ ಬೀದಿಗಳನ್ನು ಹೋಲಿಸಿದಾಗ, ದಿನಕ್ಕೆ 2,000 ವಾಹನ ಓಡಾಡುವ ಬೀದಿಯವರಿಗೆ ತಮ್ಮ ಬೀದಿಯಲ್ಲೇ ಸರಾಸರಿ ಮೂವರು ಗೆಳೆಯರಿದ್ದರು. 16,000 ವಾಹನದ ಬೀದಿಯವರಿಗೆ 0.9, ಪೂರ್ತಿ ಒಬ್ಬರೂ ಇಲ್ಲ. ಆದ್ದರಿಂದ ಬಾಗಿಲು ಹಾಕಿಕೊಂಡು ಟಿವಿ ನೋಡುವ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಹೊರಗೆ ಕೂತುಕೊಳ್ಳಿ. ಮಾತಾಡಲೇಬೇಕು ಎಂದೇನಿಲ್ಲ. ದಿನಾ ಕಂಡ ಮುಖಕ್ಕೆ ಜನ ತಾವಾಗಿಯೇ ತಲೆ ಆಡಿಸುತ್ತಾರೆ.

ಪ್ರಶ್ನೆ: ನಮ್ಮದು ಸಣ್ಣ ಕಾಲೊನಿ. ಬೆಂಕಿ, ಪ್ರವಾಹ, ಭೂಕಂಪ ಅಂತ ಏನಾದರೂ ಆದರೆ ಅಂತ ಒಂದು ಪಟ್ಟಿ ಮಾಡೋಣ ಎಂದೆ. "ಅದಕ್ಕೆಲ್ಲ ಸರ್ಕಾರ ಇದೆ" ಎಂದು ನಕ್ಕರು.

ಉತ್ತರ: ಸರ್ಕಾರ ಬರುತ್ತದೆ, ಸ್ವಲ್ಪ ತಡವಾಗಿ. 1995ರ ಜನವರಿ 17ರ ಬೆಳಗಿನ ಜಾವ 5.46ಕ್ಕೆ ಜಪಾನಿನ ಕೋಬೆ ಸುತ್ತಮುತ್ತ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಅವಶೇಷಗಳಡಿಯಿಂದ ಹೊರಗೆ ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರನ್ನು ಎಳೆದು ತೆಗೆದದ್ದು ಮನೆಯವರು ಮತ್ತು ನೆರೆಹೊರೆಯವರು. ಜಪಾನಿನಂಥ ದೇಶದಲ್ಲೇ ಹೀಗೆ. ಭೂಕಂಪದ ಕೇಂದ್ರಕ್ಕೆ ಹತ್ತಿರದಲ್ಲೇ ಇದ್ದ ಹೊಕುದಾನ್ ಎಂಬ ಪುಟ್ಟ ಊರಿನ ಕಥೆಯನ್ನು ನಕ್ಕವರಿಗೆ ಹೇಳಿ. ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕ ದಳದವರಿಗೆ ಯಾರ ಮನೆಯಲ್ಲಿ ಎಷ್ಟು ಜನ, ಅಜ್ಜ ಅಜ್ಜಿ ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದೂ ಗೊತ್ತಿತ್ತು. ಕುಸಿದ ಮನೆಯಲ್ಲಿ ಎಲ್ಲಿ ಅಗೆಯಬೇಕು ಎಂದು ಯೋಚಿಸುತ್ತಾ ನಿಲ್ಲಲಿಲ್ಲ, ನೇರವಾಗಿ ಆ ಮೂಲೆಗೇ ಹೋದರು. ಸಂಜೆಯೊಳಗೆ, ಕಾಣೆಯಾದವರು ಎಂದು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ನಿಮ್ಮ ಪಟ್ಟಿಯಲ್ಲೂ ಅದೇ ಇರಲಿ. ಒಬ್ಬರೇ ಮೆಟ್ಟಿಲು ಇಳಿಯಲಾಗದವರು ಯಾರು, ಕಿವಿ ಕೇಳದವರು ಯಾರು, ಆಮ್ಲಜನಕದ ಯಂತ್ರ ಇರುವ ಮನೆ ಯಾವುದು, ನರ್ಸ್ ಯಾರು, ಎಲೆಕ್ಟ್ರಿಷಿಯನ್ ಯಾರು, ಮೇನ್ ಸ್ವಿಚ್ ಎಲ್ಲಿ. ಹೆಸರು ಹಾಕುವ ಮುಂಚೆ ಆಯಾ ಮನೆಯವರನ್ನು ಕೇಳಿ, ಬೇಡ ಎಂದವರದು ಬಿಡಿ. ಗ್ರೂಪಿಗೆ ಹಾಕಬೇಡಿ, ಕಾಗದದಲ್ಲಿ ಬರೆದು ಎರಡು ಮನೆಯಲ್ಲಿ ಇಡಿ. ಎದೆ ಒತ್ತುವುದನ್ನು ನಾಲ್ಕು ಜನ ಕಲಿತಿರಲಿ. ಹೃದಯ ನಿಂತವರಿಗೆ ಒಂದೊಂದು ನಿಮಿಷ ತಡವಾದಂತೆ ಉಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ, ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಪಕ್ಕದ ಮನೆಯವರಷ್ಟು ಬೇಗ ಬರಲಾರದು. ಎದೆಯ ನಡುವೆ, ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಓದಿ ಬರುವ ವಿದ್ಯೆ ಅಲ್ಲ, ಒಂದು ದಿನ ಯಾರಾದರೂ ತಿಳಿದವರನ್ನು ಕರೆಸಿ ಗೊಂಬೆಯ ಮೇಲೆ ಮಾಡಿ ನೋಡಿ.

ಪ್ರಶ್ನೆ: ಪಕ್ಕದ ಮನೆಯಿಂದ ಗ್ಯಾಸ್ ವಾಸನೆ ಬಂದರೆ?

ಉತ್ತರ: ಕಾಲಿಂಗ್ ಬೆಲ್ ಒತ್ತಬೇಡಿ! ಸ್ವಿಚ್ಚಿನ ಒಂದು ಕಿಡಿ ಸಾಕು. ಬಾಗಿಲು ಬಡಿಯಿರಿ, ಕೂಗಿ. ದೀಪ, ಫ್ಯಾನ್ ಯಾವುದನ್ನೂ ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಟಕಿ ಬಾಗಿಲು ತೆಗೆಸಿ, ಕೈಗೆ ಸಿಗುವ ಹಾಗಿದ್ದರೆ ರೆಗ್ಯುಲೇಟರ್ ಬಂದ್ ಮಾಡಿಸಿ, ಎಲ್ಲರನ್ನೂ ಹೊರಗೆ ಕರೆತನ್ನಿ. ಫೋನ್ ಮಾಡುವುದೂ ಹೊರಗೆ ಬಂದ ಮೇಲೆಯೇ.

ಪ್ರಶ್ನೆ: ಎದುರುಮನೆಯವರು ನನ್ನ ಹತ್ತಿರ ಮಾತು ಬಿಟ್ಟು ವರ್ಷವಾಯಿತು, ಪಾರ್ಕಿಂಗ್ ಜಗಳ. ಅವರ ಮನೆ ಕೀ ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ, ಅವರೂ ಕೇಳಿಲ್ಲ. ವಾಪಸ್ ಕೊಟ್ಟುಬಿಡಲಾ?

ಉತ್ತರ: ಅವರು ಕೇಳುವ ತನಕ ಇಟ್ಟುಕೊಳ್ಳಿ. ಪಾರ್ಕಿಂಗ್ ವಿಷಯದಲ್ಲಿ ಯಾರದು ತಪ್ಪು ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.